ಸಂತೆಯ ಮಾತು, ಗಿರಣಿಯ ಮಾತು

(ದಾವಣಗೆರೆಯಲ್ಲಿ ಕಾರ್ಮಿಕರ ಮತ್ತು ಸಣ್ಣ ವ್ಯಾಪಾರಿಗಳ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ನಮ್ಮ ಬೀದಿಯಲ್ಲಿ ಹಮಾಲಿ ಮಾಡುವ ಒಬ್ಬರ ಮಗಳು ಹೋದ ತಿಂಗಳು ಶಾಲೆಯಿಂದ ಅಳುತ್ತ ಮನೆಗೆ ಬಂದಳು. ಪ್ರಬಂಧದಲ್ಲಿ "ಅಪ್ಪ ಸಂಜೆ ರೊಕ್ಕ ತಂದನು" ಎಂದು ಬರೆದಿದ್ದಳಂತೆ. ಮೇಷ್ಟರು ಅದಕ್ಕೆ ಕೆಂಪು ಗೀಟು ಎಳೆದು, "ಇದು ಸಂತೆಯ ಭಾಷೆ, ಹಣ ಎಂದು ಬರೆ" ಎಂದು ತರಗತಿಯ ಮುಂದೆ ನಿಲ್ಲಿಸಿ ಓದಿಸಿದರು. ಹುಡುಗಿಗೆ ಗೀಟಿನ ನೋವಲ್ಲ. ಅಪ್ಪನಾಡುವ ಮಾತನ್ನು ಕೇಳಿ ನಲವತ್ತು ಮಕ್ಕಳು ನಕ್ಕರಲ್ಲ, ಆ ನೋವು. ಅವಳ ತಂದೆ ನನ್ನ ಬಳಿ ಬಂದು, "ಅಣ್ಣಾ, ರೊಕ್ಕ ಅನ್ನೋದು ಕೆಟ್ಟ ಮಾತೇನು?" ಎಂದು ಕೇಳಿದರು. ಇವತ್ತಿನ ಭಾಷಣ ಅವರಿಗೆ ಕೊಡಬೇಕಾದ ಉತ್ತರ.

ನಾನು ಪಂಡಿತನಲ್ಲ. ದಲಾಲಿ ಮಂಡಿಯಲ್ಲಿ ಬಹಳ ವರ್ಷ ಲೆಕ್ಕ ಬರೆದವನು. ಖಾತೆ ಪುಸ್ತಕದಲ್ಲಿ ಹಗಲು ಕಳೆದವನಿಗೆ ಮಾತುಗಳ ಮೇಲೆ ಒಂದು ಬಗೆಯ ಅನುಮಾನ ಹುಟ್ಟುತ್ತದೆ: ಇದು ಯಾರ ಹೆಸರಿನಲ್ಲಿ ಜಮಾ, ಯಾರ ಹೆಸರಿನಲ್ಲಿ ಖರ್ಚು? ಆ ಅನುಮಾನದಿಂದಲೇ ನಿಘಂಟುಗಳನ್ನು ತಿರುವಿ ಹಾಕಿದೆ. ಕಿಟ್ಟೆಲ್ ಎಂಬ ಜರ್ಮನ್ ಪಾದ್ರಿ 1894ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ ದೊಡ್ಡ ನಿಘಂಟಿನಲ್ಲಿ ಕಾವ್ಯದ ಮಾತಿನ ಪಕ್ಕದಲ್ಲಿಯೇ ಸಂತೆಯ ಮಾತಿಗೂ ಮಣೆ ಹಾಕಿದ್ದಾನೆ. ಅವನಿಗಿದ್ದ ಔದಾರ್ಯ ನಮ್ಮ ಮೇಷ್ಟರಿಗೆ ಇಲ್ಲದೆ ಹೋಯಿತು.

ಮೊದಲು ಆ ರೊಕ್ಕದ ಲೆಕ್ಕವನ್ನೇ ಚುಕ್ತಾ ಮಾಡೋಣ. ರೊಕ್ಕ ಎಂದರೆ ಕೈಗೆ ಕೈ ಕೊಡುವ ನಗದು. ಉದ್ರಿಯ ಎದುರು ಮಾತು. ಮರಾಠಿಯ ರೋಖ, ಹಿಂದಿಯ ರೋಕಡ್ ಅದೇ ಕುಲದವು. ದುಡ್ಡು ಎಂಬುದು ಒಂದು ತಾಮ್ರದ ನಾಣ್ಯದ ಹೆಸರು. ಕಾಸೂ ಹಾಗೆಯೇ. ಇನ್ನು ಮೇಷ್ಟರು ಮೆಚ್ಚಿದ ಹಣ? ಅದು ಒಂದು ಪುಟ್ಟ ಚಿನ್ನದ ನಾಣ್ಯ. ಉಗುರಿನ ಮೇಲೆ ಇಟ್ಟರೆ ಉಗುರು ಪೂರ್ತಿ ಮುಚ್ಚುತ್ತಿರಲಿಲ್ಲ. ಮೈಸೂರಿನ ಕಂಠೀರವ ನರಸರಾಜ ಒಡೆಯರು ಹದಿನೇಳನೆಯ ಶತಮಾನದಲ್ಲಿ ಅಚ್ಚು ಹಾಕಿಸಿದ್ದರಿಂದ ಕಂಠೀರಾಯಿ ಹಣ ಎಂದು ಅದಕ್ಕೆ ಹೆಸರು. ಅಂಥ ಹತ್ತು ಹಣಕ್ಕೆ ಒಂದು ವರಹ. ಅಂದ ಮೇಲೆ ಮೇಷ್ಟರು ಮಾಡಿದ್ದೇನು? ಒಂದು ಸಂತೆಯ ಮಾತನ್ನು ಹೊಡೆದು ಹಾಕಿ ಇನ್ನೊಂದು ಸಂತೆಯ ಮಾತನ್ನು ಬರೆಸಿದರು. ವ್ಯತ್ಯಾಸವಿಷ್ಟೇ: ಹಣ ಚಿನ್ನದ್ದು, ಅರಮನೆಯ ಪೆಟ್ಟಿಗೆಯಲ್ಲಿ ಮಲಗಿತ್ತು. ದುಡ್ಡು ತಾಮ್ರದ್ದು, ನಮ್ಮ ನಿಮ್ಮ ಸೆರಗಿನ ಗಂಟಿನಲ್ಲಿತ್ತು.

ನಮ್ಮ ಊರಿನ ಮಾತೇ ಒಂದು ಸಂತೆ ಎಂಬುದನ್ನೂ ಇಲ್ಲಿ ಹೇಳಬೇಕು. 1956ರ ನವೆಂಬರ್ 1ಕ್ಕೆ ಮುಂಚೆ ಹರಿಹರದ ಹೊಳೆ ದಾಟಿದರೆ ರಾಣೆಬೆನ್ನೂರು ಮುಂಬಯಿ ರಾಜ್ಯ. ದಾವಣಗೆರೆ ಮೈಸೂರು ಸೀಮೆ. ಹರಪನಹಳ್ಳಿ 1953ರವರೆಗೆ ಮದರಾಸಿನ ಕೈಯಲ್ಲಿತ್ತು. ಮೂರು ಸರಕಾರಗಳ ಹತ್ತಿ, ಶೇಂಗಾ, ಮೆಣಸಿನಕಾಯಿ ಇಲ್ಲಿ ಬಂದು ಇಳಿಯುತ್ತಿದ್ದವು. ಮಾತೂ ಗಾಡಿಯಲ್ಲಿ ಕುಳಿತು ಬಂದಿತು. ಆದ್ದರಿಂದಲೇ ಇಲ್ಲಿಯವನು ಒಂದೇ ಉಸಿರಿನಲ್ಲಿ "ದುಡ್ಡಿಲ್ಲ" ಎಂದೂ "ರೊಕ್ಕಿಲ್ಲ" ಎಂದೂ ಹೇಳಬಲ್ಲ. ಎರಡೂ ಸತ್ಯ.

ಇದೇ ಮಂಡಿಯಲ್ಲಿ ಮಾಲು ಕೂಗಿ ಮಾರುವುದಕ್ಕೆ ತೆಂಕಣವರು ಹರಾಜು ಎನ್ನುತ್ತಾರೆ, ಬಡಗಣವರು ಲಿಲಾವು ಎನ್ನುತ್ತಾರೆ. ಹರಾಜು ಅರಬ್ಬಿಯದು. ಲಿಲಾವು ಪೋರ್ಚುಗೀಸರ ಲೈಲಾಂವ್; ಗೋವೆಯಿಂದ ಘಟ್ಟ ಹತ್ತಿ ಬಂದದ್ದು. ಬೀಗದ ಚಾವಿ, ಬಟ್ಟೆಯ ಸಾಬೂನು, ಬಡವರ ಬಟಾಟೆ, ಕೆಲಸದ ಮೇಲೆ ನಿಲ್ಲುವ ಮೇಸ್ತ್ರಿ ಇವೂ ಅದೇ ಪೋರ್ಚುಗೀಸರ ಹಡಗಿನಲ್ಲಿ ಬಂದವು. ಇಸ್ಪೀಟಿನಲ್ಲಿ ಕಳಾವರ ಎಂದು ಎಲೆ ಹೊಡೆಯುತ್ತೀರಲ್ಲ, ಅದು ಡಚ್ಚರ ಮಾತು. ಈಗ ಮಾರುಕಟ್ಟೆಯಲ್ಲಿ ಕೂಗಾಟ ಅಡಗಿ ಕಂಪ್ಯೂಟರಿನ ಟೆಂಡರು ಬಂದಿದೆ. ಕೂಗು ಹೋದ ಮೇಲೂ ಹೆಸರು ಉಳಿದಿದೆ, ಮನುಷ್ಯ ಹೋದ ಮೇಲೆ ಖಾತೆ ಉಳಿಯುವ ಹಾಗೆ.

ಹೋದ ವಸ್ತುವಿನ ಹೆಸರಿನಲ್ಲಿ ನಡೆಯುವ ಮಾತುಗಳು ಇನ್ನೂ ಇವೆ. "ಹದಿನಾರಾಣೆ ಸತ್ಯ" ಎನ್ನುತ್ತೇವೆ. ಹದಿನಾರು ಆಣೆಗೆ ಒಂದು ರೂಪಾಯಿ, ಆಣೆಗೆ ನಾಲ್ಕು ಪೈಸೆ, ಪೈಸೆಗೆ ಮೂರು ಪೈ. ಒಟ್ಟು 192 ಪೈಗೆ ಒಂದು ರೂಪಾಯಿ. ಒಂದು ಪೈಯೂ ಕಡಿಮೆಯಾಗದ ಸತ್ಯ ಎಂದರ್ಥ. 1957ರ ಏಪ್ರಿಲ್ 1ರಂದು ನೂರು ಹೊಸ ಪೈಸೆಯ ರೂಪಾಯಿ ಬಂದಿತು. ಆದರೂ ಯಾರೂ "ನೂರು ಪೈಸೆ ಸತ್ಯ" ಎನ್ನಲಿಲ್ಲ. ಇಪ್ಪತ್ತೈದು ಪೈಸೆಯ ನಾಣ್ಯವನ್ನು ಜನ ಕೊನೆಯವರೆಗೂ ನಾಲ್ಕಾಣೆ ಎಂದೇ ಕರೆದರು. 2011ರ ಜೂನ್ ಕೊನೆಗೆ ಸರಕಾರ ಅದರ ಚಲಾವಣೆ ನಿಲ್ಲಿಸಿತು. ನಾಣ್ಯ ಸತ್ತಿತು, "ನಾಲ್ಕಾಣೆ ಬುದ್ಧಿ" ಸಾಯಲಿಲ್ಲ. ತೂಕದ ಕಥೆಯೂ ಅದೇ. ಸೇರು, ಪಾವು, ಚಟಾಕು ಹೋಗಿ ಕಿಲೋ ಬಂದದ್ದು 1956ರ ಕಾಯಿದೆಯಿಂದ; 1962ರ ಹೊತ್ತಿಗೆ ಅಂಗಡಿಗಳಲ್ಲಿ ಅದೇ ಕಡ್ಡಾಯ. ಆದರೂ ಜಗಳಕ್ಕೆ ನಿಂತವನು "ನೀನು ಸೇರಾದರೆ ನಾನು ಸವ್ವಾಸೇರು" ಎನ್ನುತ್ತಾನೆ. ಕಿಲೋದಲ್ಲಿ ಈ ಸವಾಲು ಹಾಕಿ ನೋಡಿ, ಎದುರಾಳಿ ನಕ್ಕುಬಿಡುತ್ತಾನೆ.

ಕಚೇರಿಯಿಂದ ಬೀದಿಗೆ ಇಳಿದ ಮಾತುಗಳಿಗೆ ಬರುತ್ತೇನೆ. "ಭಾರಿ ಆಸಾಮಿ ಕಣಯ್ಯ ಅವನು" ಎನ್ನುತ್ತೇವೆ. ಅರಬ್ಬಿಯಲ್ಲಿ ಅಸಾಮಿ ಎಂದರೆ ಹೆಸರುಗಳು. ಕಂದಾಯದ ಪಟ್ಟಿಯಲ್ಲಿ ಯಾರ ಹೆಸರು ಇತ್ತೋ ಅವನು ಆಸಾಮಿ: ಒಕ್ಕಲು, ಸಾಲಗಾರ, ಬಾಕಿದಾರ. ರೈತನನ್ನು ಮನುಷ್ಯನೆಂದು ನೋಡದೆ ಪಟ್ಟಿಯ ಒಂದು ಸಾಲು ಎಂದು ನೋಡಿದ ಕಚೇರಿಯ ಮಾತು ಇದು. ಬೀದಿಯ ಜನ ಅದನ್ನು ಕಿತ್ತುಕೊಂಡು, ಎಲ್ಲರನ್ನೂ ಆಟ ಆಡಿಸುವ ಗಟ್ಟಿ ಮನುಷ್ಯನಿಗೆ ಇಟ್ಟರು. ಈ ಸೇಡು ನನಗೆ ಬಹಳ ಇಷ್ಟ.

ಬೇವಾರ್ಸಿ ಎಂಬ ಬೈಗುಳ ಎಲ್ಲರಿಗೂ ಗೊತ್ತು. ಬೇ ಎಂದರೆ ಇಲ್ಲದ, ವಾರಸ ಎಂದರೆ ಹಕ್ಕುದಾರ. ವಾರಸುದಾರನಿಲ್ಲದ ಆಸ್ತಿ ಬೇವಾರಸು. ಅದು ಸರಕಾರಕ್ಕೆ ಸೇರಬೇಕು. ಇಂಗ್ಲಿಷರ ಕಂಪನಿ 1824ರಲ್ಲಿ ಕಿತ್ತೂರಿನ ದತ್ತು ಮಗನನ್ನು ಒಪ್ಪದೆ ಸಂಸ್ಥಾನವನ್ನು ಹೀಗೆಯೇ ಬೇವಾರಸು ಮಾಲು ಮಾಡ ಹೊರಟಿತು. ಚೆನ್ನಮ್ಮ ಕತ್ತಿ ಹಿಡಿದಳು. 1858ರಲ್ಲಿ ನರಗುಂದದ ಬಾಬಾಸಾಹೇಬನು ಬಂಡೆದ್ದುದಕ್ಕೂ ದತ್ತಕದ ಹಕ್ಕು ಕೊಡದಿದ್ದುದು ಒಂದು ಮುಖ್ಯ ಕಾರಣ. ಇಷ್ಟು ಭಾರವಾದ ಮಾತನ್ನು ಇವತ್ತು ನಾವು ಬಸ್ಸಿನಲ್ಲಿ ಕಾಲು ತುಳಿದವನ ಮೇಲೆ ಎಸೆಯುತ್ತೇವೆ.

ಮಾಮೂಲು ಎಂಬ ಮಾತನ್ನು ಅಂಗಡಿಯವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಅರಬ್ಬಿಯಲ್ಲಿ ಅದು ವಾಡಿಕೆ, ರೂಢಿ ಎಂದು. ಅದಕ್ಕೇ "ಮಾಮೂಲಿ ಕಾಫಿ" ಎಂದಾಗ ಅದು ನಿರಪರಾಧಿ. ತಳ್ಳುಗಾಡಿಯವನ ಹತ್ತಿರ ಬೆತ್ತ ಬಡಿಯುತ್ತ ನಿಂತವನು "ಮಾಮೂಲು ಎಲ್ಲಿ?" ಎಂದಾಗ ಅದೇ ಮಾತು ಬೇರೆ. ಹಫ್ತಾ ಎಂದರೆ ಪಾರಸಿಯಲ್ಲಿ ವಾರ. ವಾರಕ್ಕೊಮ್ಮೆ ಕೀಳುವ ರೊಕ್ಕಕ್ಕೂ ಅದೇ ಹೆಸರಾಯಿತು. ಮುಂಬಯಿಯ ಗಿರಣಿಗಳಲ್ಲಿ ಕೆಲಸ ಕೊಡಿಸುವುದಕ್ಕೆ ಜಾಬರನು ಕೀಳುತ್ತಿದ್ದ ಕಾಣಿಕೆಯ ಹೆಸರು ದಸ್ತೂರಿ. ದಸ್ತೂರು ಎಂದರೂ ಪದ್ಧತಿಯೇ. ನೋಡಿ, ಲಂಚ ಎಂದೂ ತನ್ನ ಸ್ವಂತ ಹೆಸರು ಹೇಳಿಕೊಂಡು ಬರುವುದಿಲ್ಲ. ಒಂದು ಸಲ ವಾಡಿಕೆ, ಒಂದು ಸಲ ಪದ್ಧತಿ, ಒಂದು ಸಲ ಬರಿಯ ವಾರ.

ಮೋಸಗಾರನಿಗೆ ಜನ ಇಟ್ಟ ಹೆಸರು ಮಾತ್ರ ನೇರವಾಗಿದೆ: ಫೋರ್ ಟ್ವೆಂಟಿ. ಅದು 1860ರ ಇಂಡಿಯನ್ ಪೀನಲ್ ಕೋಡಿನ 420ನೆಯ ಕಲಮು. ವಂಚಿಸಿ ಸೊತ್ತು ಲಪಟಾಯಿಸುವುದು ಅಲ್ಲಿಯ ಅಪರಾಧ. ಅಕ್ಷರ ಬಾರದವನಿಗೂ ಕಾನೂನಿನ ಒಂದು ಕಲಮು ಬಾಯಿಪಾಠವಾಗಿದ್ದರೆ ಅದು ಇದೊಂದೇ. 1955ರಲ್ಲಿ ರಾಜ್ ಕಪೂರರ ಚಿತ್ರ ಆ ಸಂಖ್ಯೆಯನ್ನು ಊರೂರಿಗೆ ಮುಟ್ಟಿಸಿತು. 2024ರ ಜುಲೈ 1ರಿಂದ ಹೊಸ ನ್ಯಾಯ ಸಂಹಿತೆ ಬಂದು ವಂಚನೆ 318ನೆಯ ಕಲಮಿಗೆ ಸರಿದಿದೆ. ಆದರೆ ಯಾರನ್ನಾದರೂ "ತ್ರೀ ಎಯ್ಟೀನ್" ಎಂದು ಬೈದು ನೋಡಿ! ಬಸ್ಸಿನ ನಂಬರು ಕೇಳಿದಿರೆಂದು ತಿಳಿದಾನು.

ಮೋಸಕ್ಕೆ ಕನ್ನಡದಲ್ಲಿರುವ ಮಾತುಗಳನ್ನು ಎಣಿಸಿದರೆ ಹೆಮ್ಮೆಪಡಬೇಕೋ ನಾಚಬೇಕೋ ತಿಳಿಯದು. ಟೋಪಿ ಹಾಕುವುದು, ಪಂಗನಾಮ ಹಾಕುವುದು, ತಲೆ ಬೋಳಿಸುವುದು, ಕಿವಿಯ ಮೇಲೆ ಹೂ ಇಡುವುದು: ಕುತ್ತಿಗೆಯಿಂದ ಮೇಲಿನ ಯಾವ ಜಾಗವನ್ನೂ ಬಿಟ್ಟಿಲ್ಲ. ನುಂಗಿದ್ದು ಗುಳುಂ. ಅದನ್ನೇ ಹೋಮದ ಮಂತ್ರದಲ್ಲಿ ಹೇಳಿದರೆ ಸ್ವಾಹಾ. ಎಲ್ಲ ಕಳೆದುಕೊಂಡವನ ಕೈಗೆ ಚಿಪ್ಪು, ಇಲ್ಲವೇ ಚೊಂಬು. 2024ರ ಲೋಕಸಭೆ ಚುನಾವಣೆಯಲ್ಲಿ ಪತ್ರಿಕೆಗಳ ಮುಖಪುಟದಲ್ಲಿ ಒಂದು ಪಕ್ಷ ಖಾಲಿ ಚೊಂಬಿನ ಜಾಹೀರಾತು ಹಾಕಿಸಿತು. ವಿವರಣೆಯ ಅಗತ್ಯವೇ ಬೀಳಲಿಲ್ಲ, ಎಲ್ಲರಿಗೂ ಅರ್ಥವಾಯಿತು. ಅಂಗಡಿ ಮುಳುಗಿದರೆ ದಿವಾಳಿ. ಸೋತ ಸಾಹುಕಾರ ತನ್ನ ಬಾಗಿಲಲ್ಲಿ ಹಗಲು ಹೊತ್ತಿನಲ್ಲೇ ದೀಪ ಹಚ್ಚಿಟ್ಟು "ಇನ್ನು ನನ್ನಲ್ಲಿ ಏನೂ ಇಲ್ಲ" ಎಂದು ಸಾರುತ್ತಿದ್ದುದರಿಂದ ಆ ಹೆಸರು ಎಂದು ವರ್ತಕರು ಹಿಂದಿನಿಂದ ಹೇಳಿಕೊಂಡು ಬಂದಿದ್ದಾರೆ.

ಬೋನಸ್ಸಿನ ಮಾತುಕತೆಗೆ ಹೋಗಿ ಬಂದವರಿಗೆ ಇನ್ನೆರಡು ಮಾತು ಚೆನ್ನಾಗಿ ಗೊತ್ತು. ಮೂಗಿಗೆ ತುಪ್ಪ ಹಚ್ಚುವುದು: ಘಮಘಮ ವಾಸನೆ ಉಂಟು, ನಾಲಗೆಗೆ ಏನೂ ಇಲ್ಲ. ಮೊಣಕೈಗೆ ಬೆಲ್ಲ ಹಚ್ಚುವುದು: ಕಣ್ಣಿಗೆ ಕಾಣುತ್ತದೆ, ನಾಲಗೆ ಚಾಚಿದರೂ ನಿಲುಕದು. ಇವು ಅಡಿಗೆಮನೆಯಲ್ಲಿ ಹುಟ್ಟಿದ ಮಾತುಗಳು, ಬಹುಶಃ ಹಟಮಾರಿ ಮಗುವನ್ನು ಸುಮ್ಮನಿರಿಸುವ ಉಪಾಯಗಳು. ದೊಡ್ಡವರನ್ನು ಸುಮ್ಮನಿರಿಸುವುದಕ್ಕೂ ಅವೇ ಸಾಕಾಗಿವೆ ಎಂಬುದು ನಮ್ಮ ಅನುಭವ. ತನಿಖೆ ನಡೆಸಿ ವರದಿ ಬರೆದರೆ ಅದಕ್ಕೆ ತಿಪ್ಪೆ ಸಾರಿಸುವುದು ಎನ್ನುತ್ತೇವೆ. ನಮ್ಮ ತಾಯಂದಿರು ಅಂಗಳಕ್ಕೆ ಸೆಗಣಿ ಸಾರಿಸುವುದು ಚೊಕ್ಕಟವಾಗಲೆಂದು. ತಿಪ್ಪೆಯನ್ನೇ ಸಾರಿಸಿ ಮೇಲೆ ರಂಗೋಲಿ ಹಾಕಿದರೆ ಕೆಳಗಿನದು ತಿಪ್ಪೆಯೇ ಅಲ್ಲವೇ? ಗಲಾಟೆ ಮಾಡಿದ ನೌಕರನಿಗೆ ಎತ್ತಂಗಡಿ. ಈ ಮಾತು ನಿಮ್ಮಂಥ ಸಂತೆ ವ್ಯಾಪಾರಿಗಳಿಂದಲೇ ಬಂದದ್ದು. ಎದ್ದು ಹೋಗೆಂದರೆ ಗೋಣಿಚೀಲ ಸುತ್ತಿಕೊಂಡು ಎತ್ತಿಕೊಂಡು ಹೋಗುವ ಅಂಗಡಿ, ಎತ್ತು ಅಂಗಡಿ. ಸಾಹೇಬರ ವರ್ಗಾವಣೆಯಾದಾಗ ಪತ್ರಿಕೆಗಳು ಆ ಮಾತನ್ನು ದೊಡ್ಡ ಅಕ್ಷರದಲ್ಲಿ ಬರೆಯುತ್ತವೆ. ನಿಜವಾದ ಎತ್ತಂಗಡಿಯ ಸುದ್ದಿ ಬರೆಯುವವರು ಕಡಿಮೆ.

ಈಗ ಎರಡು ಮಾತಿನ ಹತ್ತಿರ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ಬಿಟ್ಟಿ ಮತ್ತು ಜೀತ.

"ಬಿಟ್ಟಿ ಸಿಕ್ಕಿತು" ಎಂದರೆ ಪುಕ್ಕಟೆ ಸಿಕ್ಕಿತು ಎಂದು ಎಲ್ಲರೂ ತಿಳಿಯುತ್ತೇವೆ. ಸಂಸ್ಕೃತದ ವಿಷ್ಟಿ ಕನ್ನಡದಲ್ಲಿ ಬಿಟ್ಟಿಯಾಯಿತು. ವಿಷ್ಟಿ ಎಂದರೆ ಕೂಲಿ ಕೊಡದೆ ಬಲವಂತದಿಂದ ಮಾಡಿಸಿಕೊಳ್ಳುವ ದುಡಿಮೆ. ಹಳೆಯ ಶಾಸನಗಳಲ್ಲಿ ತೆರಿಗೆಗಳ ಸಾಲಿನಲ್ಲಿಯೇ ಇದೂ ಬರುತ್ತದೆ. ಕಾಸಿನ ತೆರಿಗೆ ಕೊಡಲಾರದವನು ಮೈಯಿಂದ ಕೊಡಬೇಕಾದ ತೆರಿಗೆ. ಪಾರಸಿಯಲ್ಲಿ ಇದಕ್ಕೇ ಬೇಗಾರು. ಸಾಹೇಬರು ಸವಾರಿ ಬಂದರೆ ಗಂಟು ಹೊರುವುದು, ಡೇರೆ ಹೂಡುವುದು, ಕುದುರೆಗೆ ಹುಲ್ಲು ತರುವುದು ಎಲ್ಲ ಬಿಟ್ಟಿ ಬೇಗಾರಿ. ಸ್ವತಂತ್ರ ಭಾರತದ ಸಂವಿಧಾನ 1950ರಲ್ಲಿ ತನ್ನ 23ನೆಯ ಅನುಚ್ಛೇದದಲ್ಲಿ ಬೇಗಾರನ್ನು ಹೆಸರು ಹಿಡಿದು ನಿಷೇಧಿಸಿತು.

ಮಾತು ಹೇಗೆ ತಿರುಗಿತು ನೋಡಿ. ಬಿಟ್ಟಿಯಲ್ಲಿ ಇಬ್ಬರಿದ್ದಾರೆ. ಒಬ್ಬ ಕೂಲಿಯಿಲ್ಲದೆ ದುಡಿದವನು. ಇನ್ನೊಬ್ಬ ಕಾಸು ಬಿಚ್ಚದೆ ದುಡಿಸಿಕೊಂಡವನು. ದುಡಿದವನ ಕಡೆಯಿಂದ ನೋಡಿದರೆ ಆ ಮಾತಿನ ಅರ್ಥ ಬೆವರು, ಬಾಸುಂಡೆ. ದುಡಿಸಿಕೊಂಡವನ ಕಡೆಯಿಂದ ನೋಡಿದರೆ ಮಾತ್ರ ಅದರ ಅರ್ಥ ಪುಕ್ಕಟೆ. ನಿಘಂಟಿನಲ್ಲಿ ಎರಡೂ ಇವೆ. ನಮ್ಮ ದಿನದ ಮಾತಿನಲ್ಲಿ ಉಳಿದದ್ದು ಎರಡನೆಯವನ ಅರ್ಥ. ಇವತ್ತು ರೇಷನ್ನಿನ ಅಕ್ಕಿ ತಂದವಳನ್ನೂ ಬಸ್ಸಿನಲ್ಲಿ ಟಿಕೆಟ್ಟಿಲ್ಲದೆ ಕುಳಿತ ಕೂಲಿ ಹೆಂಗಸನ್ನೂ "ಬಿಟ್ಟಿ ಭಾಗ್ಯದವರು" ಎಂದು ಹಂಗಿಸುವುದನ್ನು ನೀವು ಕೇಳಿದ್ದೀರಿ. ಆ ಯೋಜನೆಗಳು ಸರಿಯೋ ತಪ್ಪೋ ಬೇರೆ ದಿನ ಚರ್ಚಿಸಬಹುದು. ಆದರೆ ಅಜ್ಜ ಬಿಟ್ಟಿ ದುಡಿದ ಮನೆಯ ಮೊಮ್ಮಗಳಿಗೆ ಆ ಮಾತನ್ನೇ ಬೈಗುಳ ಮಾಡಿ ಹೊಡೆಯುವುದು, ಹೊಡೆಯುವವನಿಗೆ ತಿಳಿಯದಿದ್ದರೂ, ನನಗೆ ಸಹಿಸಲಾಗದು.

ಜೀತದ ಕಥೆ ಇದಕ್ಕಿಂತ ವಿಚಿತ್ರ. ಅದು ಸಂಸ್ಕೃತದ ಜೀವಿತದಿಂದ ಬಂದದ್ದು, ಬದುಕು ಎಂದು. ಹಳಗನ್ನಡದಲ್ಲಿ ಜೀತ ಎಂದರೆ ಸಂಬಳ. ಒಡೆಯನಿಂದ ಜೀತ ಪಡೆದ ಆಳು ಎಂದರೆ ಸಂಬಳದ ಆಳು, ಅದರಲ್ಲಿ ಅವಮಾನವಿಲ್ಲ. ಸಂಬಳ ಎಂಬ ಅರ್ಥದ ಮಾತು ಸಂಬಳವಿಲ್ಲದ ಗುಲಾಮಗಿರಿಯ ಹೆಸರಾಗಬೇಕಾದರೆ ನಡುವೆ ಎಷ್ಟು ತಲೆಮಾರು ಮುಂಗಡ ಸಾಲ ತೆಗೆದಿರಬೇಕು, ಎಷ್ಟು ಮಕ್ಕಳು ಅಪ್ಪನ ಸಾಲಕ್ಕೆ ಗೌಡರ ಮನೆಯ ದನ ಕಾದಿರಬೇಕು! ಚರಿತ್ರೆಯ ಪುಸ್ತಕದಲ್ಲಿ ಇದು ಬರೆದಿಲ್ಲದಿದ್ದರೆ ಬೇಡ. ಈ ಒಂದು ಪದ ಸಾಕ್ಷಿ ಹೇಳುತ್ತದೆ. 1975ರ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆ, 1976ರಲ್ಲಿ ಕಾಯಿದೆ ಬಂದು ಜೀತಪದ್ಧತಿ ರದ್ದಾಯಿತು. ಹಳಗನ್ನಡದಲ್ಲಿಯೇ ಜೋಳದ ಪಾಳಿ ಎಂಬ ಇನ್ನೊಂದು ಮಾತಿದೆ: ಯಾರ ಜೋಳ ಉಂಡೆವೋ ಅವರಿಗೆ ಪ್ರಾಣ ಕೊಡಬೇಕು ಎಂಬ ಕಟ್ಟುಪಾಡು. ನಮ್ಮ ಗಿರಣಿಯ ರಾತ್ರಿಪಾಳಿಯನ್ನು ನೆನೆದಾಗಲೆಲ್ಲ ನನಗೆ ಅದು ಕಿವಿಯಲ್ಲಿ ಗುಂಯ್‌ಗುಡುತ್ತದೆ. ಪಂಡಿತರು ಎರಡು ಪಾಳಿಯೂ ಬೇರೆ ಎಂದಾರು, ಒಪ್ಪುತ್ತೇನೆ.

ಇಲ್ಲೊಂದು ಎಚ್ಚರಿಕೆ. ಮಾತಿನ ಮೂಲ ಹುಡುಕುವಾಗ ಕಥೆ ಕಟ್ಟುವ ಚಟ ಬಹಳ ಬೇಗ ಹತ್ತುತ್ತದೆ. ಹೊಯ್ಸಳರ ವೀರಬಲ್ಲಾಳ ಬೇಟೆಯಲ್ಲಿ ದಾರಿ ತಪ್ಪಿದ, ಮುದುಕಿ ಬೆಂದ ಕಾಳು ಕೊಟ್ಟಳು, ಬೆಂದಕಾಳೂರು ಬೆಂಗಳೂರಾಯಿತು ಎಂದು ಶಾಲೆಯಲ್ಲಿ ಓದಿದ್ದೇವೆ. ಆದರೆ ಬೇಗೂರಿನ ಒಂದು ವೀರಗಲ್ಲಿನಲ್ಲಿ ಬೆಂಗಳೂರಿನ ಕಾಳಗದ ಮಾತಿದೆ. ಅದು ಒಂಬತ್ತನೆಯ ಶತಮಾನದ ಕೊನೆಯದು, ಬಲ್ಲಾಳ ಹುಟ್ಟುವುದಕ್ಕೂ ಸುಮಾರು ಇನ್ನೂರೈವತ್ತು ವರ್ಷ ಹಿಂದಿನದು. ಮುದುಕಿಯ ಕಾಳು ರುಚಿಯಾಗಿದೆ, ಆದರೆ ಕಲ್ಲು ಬೇರೆ ಹೇಳುತ್ತದೆ. ಹಾಗೆಯೇ "ರೀಲು ಬಿಡುವುದು" ಎಂಬುದು ನೂಲಿನ ರೀಲೋ ಸಿನಿಮಾದ ರೀಲೋ ಎಂದು ಕಟ್ಟೆಯ ಮೇಲೆ ಜಗಳವಾದರೆ, ಗಿರಣಿಯವರೆಂಬ ಅಭಿಮಾನಕ್ಕೆ ನೂಲಿನ ಪರ ಕೈ ಎತ್ತಬೇಡಿ.

ನೂಲಿನಿಂದಲೇ ಬಂದದ್ದು ಎಂದು ಖಚಿತವಾಗಿ ಹೇಳಬಹುದಾದ ಮಾತುಗಳು ಬೇರೆ ಇವೆ. ವಿದ್ವಾಂಸರು ಭಾಷಣದಲ್ಲಿ "ಧರ್ಮವು ಜೀವನದಲ್ಲಿ ಹಾಸುಹೊಕ್ಕಾಗಿದೆ" ಎನ್ನುತ್ತಾರೆ. ಹಾಸು ಮಗ್ಗದ ಉದ್ದದ ನೂಲು, ಹೊಕ್ಕು ಅಡ್ಡ ನೂಲು. ಲಾಳಿ ಓಡಿಸಿದವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವಾದವನ್ನು ಎಳೆ ಎಳೆಯಾಗಿ ಬಿಡಿಸಿದರು, ಮಾತಿನ ಎಳೆ ತಪ್ಪಿತು, ಸಿಕ್ಕು ಬಿಡಿಸಿದರು, ಇವೆಲ್ಲ ನೇಕಾರನ ಮನೆಯ ಸೊತ್ತು. ವಿದ್ವಾಂಸರು ಉದ್ರಿ ಒಯ್ದಿದ್ದಾರೆ, ಖಾತೆಯಲ್ಲಿ ಬರೆಸಿಲ್ಲ.

ದುಡಿಯುವವರ ಬಾಯಿಂದ ಬಂದದ್ದೆಲ್ಲ ಚಿನ್ನ ಎಂದು ನಾನು ಹೇಳುತ್ತಿಲ್ಲ. ಮುಂಡೆಮಗ, ಬೋಳಿಮಗ ಎಂದು ಕ್ಯಾಂಟೀನಿನಲ್ಲಿ ಗೆಳೆಯರು ಪ್ರೀತಿಯಿಂದಲೇ ಬೈದುಕೊಳ್ಳುತ್ತಾರೆ. ಮುಂಡನ ಎಂದರೆ ತಲೆ ಬೋಳಿಸುವುದು. ಗಂಡ ಸತ್ತ ಹೆಣ್ಣಿನ ತಲೆ ಬೋಳಿಸಿ ಕತ್ತಲ ಕೋಣೆಯಲ್ಲಿ ಕೂರಿಸಿದ ಕಾಲದ ಮಾತು ಅದು. ನಾವು ನಕ್ಕು ಬೈದಾಗಲೆಲ್ಲ ಆ ಹೆಣ್ಣುಮಗಳು ನಮ್ಮ ನಡುವೆ ಬಂದು ನಿಲ್ಲುತ್ತಾಳೆ. ಜಾತಿಯ ಹೆಸರನ್ನೇ ಬೈಗುಳ ಮಾಡಿಕೊಂಡ ಮಾತುಗಳನ್ನು ಇಲ್ಲಿ ಬಾಯಿಬಿಟ್ಟು ಹೇಳುವುದಿಲ್ಲ, ನಿಮಗೆ ಗೊತ್ತು. ಅವುಗಳ ಮೂಲವೂ ಗೊತ್ತು. ಅವನ್ನು ಬಿಡಬೇಕು. ಬಿಡುವುದಕ್ಕೆ ನಿಘಂಟು ನೋಡಬೇಕಾಗಿಲ್ಲ.

ಬಯ್ಯದೆ ಕರೆಯುವ ಮಾತು ಬೇಕಾದರೆ ಕರಾವಳಿ, ಮಲೆನಾಡಿನವರನ್ನು ಕೇಳಿ. ಅವರು ಮೀನು ಮಾರುವವನಿಗೂ, ಬ್ಯಾಂಕಿನ ಮ್ಯಾನೇಜರನಿಗೂ, ಕೈ ತಪ್ಪಿ ಚಹಾ ಚೆಲ್ಲಿದ ಹುಡುಗನಿಗೂ "ಎಂತ ಮಾರಾಯ" ಎನ್ನುತ್ತಾರೆ. ಮಾರಾಯ ಎಂದರೆ ಮಹಾರಾಯ. ಸಮತಾವಾದವನ್ನು ಇಷ್ಟು ಸುಲಭವಾಗಿ ತಂದವರು ಬೇರೆ ಯಾರೂ ಇಲ್ಲ! ಬೆಂಗಳೂರಿನ ಹುಡುಗರ ಸಕ್ಕತ್ ಪಾರಸಿಯ ಸಖ್ತ್, ಗಡುಸು ಎಂದು ಅದರ ಅರ್ಥ. ಕಲಬುರ್ಗಿ ಕಡೆಯ ಜಬರ್ದಸ್ತ್ ಎಂದರೆ ಮೇಲುಗೈ. ಹೀಗೆ ಹೇಳುತ್ತ ಹೋದರೆ ರಾತ್ರಿಪಾಳಿಯ ಹೊತ್ತಾಗುತ್ತದೆ.

ಹಮಾಲರ ಮಗಳ ಕೈಯಲ್ಲಿ ಮೇಷ್ಟರಿಗೆ ಒಂದು ಚೀಟಿ ಕಳುಹಿಸಿದೆ. ಜಗಳದ ಚೀಟಿಯಲ್ಲ, ರೊಕ್ಕ, ದುಡ್ಡು, ಕಾಸು, ಹಣ ಈ ನಾಲ್ಕರ ವಂಶಾವಳಿಯನ್ನು ಬರೆದು, "ಪ್ರಬಂಧದಲ್ಲಿ ಹಣ ಎಂದು ಬರೆಯಲಿ, ರೊಕ್ಕ ಎಂದಾಗ ನಗುವುದು ಬೇಡ" ಎಂದು ಕೇಳಿಕೊಂಡೆ. ಮೇಷ್ಟರು ಒಳ್ಳೆಯವರೇ. ಮರುದಿನ ತರಗತಿಯಲ್ಲಿ ಚೀಟಿಯನ್ನು ಓದಿದರಂತೆ. ಹುಡುಗಿಯ ಪುಸ್ತಕದ ಕೆಂಪು ಗೀಟು ಮಾತ್ರ ಹಾಗೆಯೇ ಇದೆ.

ನನ್ನ ಬಳಿ ಇರುವುದು ಮಂಡಿಯ ಮಾತುಗಳು. ಗಿರಣಿಯ ಒಳಗಿನವು ನನಗೆ ಬಾರವು. ನಮ್ಮೂರಿನ ದೊಡ್ಡ ಗಿರಣಿಗಳು ಬಾಗಿಲು ಹಾಕಿ ಬಹಳ ವರ್ಷಗಳಾದವು. ಸಾಂಚೆಯ ಸದ್ದಿನಲ್ಲಿ ಒಬ್ಬರಿಗೊಬ್ಬರು ಕೈ ಸನ್ನೆಯಲ್ಲಿ, ಅರ್ಧ ಮಾತಿನಲ್ಲಿ ಏನು ಹೇಳಿಕೊಳ್ಳುತ್ತಿದ್ದಿರಿ, ಬದಲಿಯವನನ್ನು ಬೆಳಿಗ್ಗೆ ಗೇಟಿನ ಹತ್ತಿರ ಏನೆಂದು ಕರೆಯುತ್ತಿದ್ದಿರಿ, ನೂಲು ಕಡಿದಾಗ ಏನೆಂದು ಬೈಯುತ್ತಿದ್ದಿರಿ, ಇದು ನಿಮಗೆ ಮಾತ್ರ ಗೊತ್ತು. ಬಾಗಿಲ ಹತ್ತಿರದ ಮೇಜಿನ ಮೇಲೆ ನೂರು ಹಾಳೆಯ ಒಂದು ಪುಸ್ತಕ ಇಟ್ಟಿದ್ದೇನೆ, ಪೆನ್ಸಿಲನ್ನು ದಾರದಿಂದ ಕಟ್ಟಿದ್ದೇನೆ. ಹೋಗುವಾಗ ಒಬ್ಬೊಬ್ಬರು ಒಂದೊಂದು ಮಾತು ಬರೆಯಿರಿ. ಬರೆಯಲು ಬಾರದವರು ಹೇಳಿ, ಆ ಹುಡುಗಿಯೇ ಅಲ್ಲಿ ಕುಳಿತಿದ್ದಾಳೆ, ಬರೆದುಕೊಳ್ಳುತ್ತಾಳೆ.